ಹಾಯಿಯ ಪಂದ್ಯವೂ ಮೀನುಗಾರರ ಮಾನವೂ

ಸಂಸ್ಕೃತದಲ್ಲಿ ‘ಬಹುಮಾನ’ವೆಂಬ ಶಬ್ದಕ್ಕೆ ಹೆಚ್ಚಿನ ಗೌರವವೆಂದೇ ಅರ್ಥ. ಅದು ಕನ್ನಡಕ್ಕೆ ಬಂದು, ಪಂದ್ಯದಲ್ಲಿ ಗೆದ್ದವನಿಗೆ ಕೊಡತಕ್ಕ ಪದಾರ್ಥ ಎಂಬ ಅರ್ಥವನ್ನು ಪಡೆಯಿತು. ಪದಾರ್ಥವು ಹಣವಾಗಿರಬಹುದು, ಪಂಚೆಯಾಗಿರಬಹುದು, ಹಿತ್ತಾಳೆಯ ಚೊಂಬಾಗಿರಬಹುದು. ಹೆಸರು ಮಾತ್ರ ಗೌರವದ್ದಾಗಿಯೇ ಉಳಿದಿದೆ. ಮೂವತ್ತಕ್ಕೆ ಮೇಲ್ಪಟ್ಟು ವರ್ಷ ಹುಡುಗರಿಗೆ ಪಾಠ ಹೇಳಿದ ನಮಗೆ ಈ ಶಬ್ದದ ಬೆಲೆ ಅನುಭವದಿಂದ ತಿಳಿದಿದೆ. ಬಡ ಹುಡುಗನೊಬ್ಬನನ್ನು ಕರೆದು, ನಿನಗೆ ಪುಸ್ತಕ ಕೊಳ್ಳುವ ಶಕ್ತಿಯಿಲ್ಲ, ಇದನ್ನು ತೆಗೆದುಕೊ ಎಂದರೆ ಅವನು ನೆಲವನ್ನು ನೋಡುತ್ತ ಕೈಯೊಡ್ಡುವನು. ಅದೇ ಪುಸ್ತಕವನ್ನು ಓಟದಲ್ಲಿ ಗೆದ್ದುದಕ್ಕೆಂದು ಸಭೆಯ ಮುಂದೆ ಹೆಸರು ಹಿಡಿದು ಕೂಗಿ ಕೊಟ್ಟರೆ, ಎದೆಯೆತ್ತಿ ಬಂದು ಇಸಿದುಕೊಂಡು, ತಾಯಿಗೆ ತೋರಿಸಲು ಮನೆಗೆ ಓಡುವನು. ಪುಸ್ತಕ ಒಂದೇ, ಕೊಡುವ ಕ್ರಮ ಬೇರೆ.

ನಮ್ಮ ಧರ್ಮಶಾಸ್ತ್ರಕಾರರು ದಾನವನ್ನು ಕುರಿತು ದೇಶ, ಕಾಲ, ಪಾತ್ರ ಎಂಬ ಮೂರನ್ನೂ ವಿಸ್ತಾರವಾಗಿ ವಿಚಾರಿಸಿದ್ದಾರೆ. ಆದರೆ ಲೋಕದಲ್ಲಿ ಕೆಲವರು ದಾನಕ್ಕೆ ಪಾತ್ರರಾಗಿದ್ದೂ ಅದನ್ನು ಹಿಡಿಯಲೊಲ್ಲರು. ಅಂಥವರಲ್ಲಿ ಕಡಲಿನ ಮೇಲೆ ಬದುಕುವವರು ಮುಖ್ಯರು. ರೈತನಾದರೋ ಮಳೆ ತಪ್ಪಿದರೆ ಬಿತ್ತಿದ ಬೀಜವನ್ನು ಕಳೆದುಕೊಳ್ಳುವನು. ಮೀನುಗಾರನು ಗಾಳಿ ತಪ್ಪಿದರೆ ಬಲೆಯನ್ನೂ ದೋಣಿಯನ್ನೂ ಒಮ್ಮೊಮ್ಮೆ ಪ್ರಾಣವನ್ನೂ ಕಳೆದುಕೊಳ್ಳುವನು. ದಿನವೂ ಮೃತ್ಯುವಿನ ಸಮೀಪದಲ್ಲಿ ಸಂಪಾದಿಸುವವನಿಗೆ ಬೇಡಿ ತಿನ್ನುವುದು ಸುಲಭವಲ್ಲ. ಇಂಥವರಿಗೆ ಉಪಕಾರಮಾಡಬೇಕೆನ್ನುವವರು ಯಾವ ದಾರಿಯಿಂದ ಹೋಗತಕ್ಕದ್ದು? ಪಶ್ಚಿಮ ಗೋಲಾರ್ಧದ ಎರಡು ದ್ವೀಪಗಳಲ್ಲಿ ಕೆಲವರು ಇದಕ್ಕೆ ಹಾಯಿದೋಣಿಗಳ ಪಂದ್ಯವನ್ನು ಉಪಾಯವಾಗಿ ಹೂಡಿದರು. ಅದರ ಗುಣವನ್ನೂ ಕೊರತೆಯನ್ನೂ ಓದುಗರ ಮುಂದಿಡುವುದು ಈ ಲೇಖನದ ಉದ್ದೇಶವು.

ಇಂಥ ನೌಕಾಪಂದ್ಯಕ್ಕೆ ಇಂಗ್ಲಿಷರು ರೆಗಾಟ ಎನ್ನುವರು. ಮಾತು ಅವರದಲ್ಲ, ಕಾಲುವೆಗಳೇ ಬೀದಿಗಳಾಗಿರುವ ಇಟಲಿಯ ವೆನಿಸ್ ನಗರದ ಆಡುಮಾತಿನಿಂದ ತೆಗೆದುಕೊಂಡದ್ದು. ಶ್ರೀಮಂತರು ಬಿಳಿಯ ಉಡುಪು ಧರಿಸಿ ವಿಹಾರನೌಕೆಗಳಲ್ಲಿ ಆಡುವ ಆಟವೆಂದೇ ಹಲವರು ಇದನ್ನು ತಿಳಿದಿರುವರು. ಅಂಥದೂ ಉಂಟು, ಅದರ ಗೊಡವೆ ನಮಗೆ ಬೇಡ.

ಅಮೆರಿಕದ ಫ್ಲಾರಿಡಾ ಪ್ರಾಂತದ ಆಗ್ನೇಯದಲ್ಲಿ ಬಹಾಮಾ ಎಂಬ ದ್ವೀಪಸಮೂಹವಿದೆ. ದ್ವೀಪಗಳು ೭೦೦ ಎಂದು ಲೆಕ್ಕ. ಜನವಸತಿಯುಳ್ಳವು ಮೂವತ್ತರ ಆಸುಪಾಸು. ಸುತ್ತಲಿನ ಕಡಲು ಬಹುದೂರದವರೆಗೆ ಆಳವಿಲ್ಲದೆ, ತಳದ ಮರಳು ಕಾಣುವಷ್ಟು ತಿಳಿಯಾಗಿರುವುದು. ಹಿಂದೆ ಗುಲಾಮರಾಗಿ ತರಲ್ಪಟ್ಟ ಆಫ್ರಿಕದವರ ಸಂತತಿಯವರೇ ಅಲ್ಲಿನ ಬಹುಪಾಲು ಜನರು. ನೆಲ ಸುಣ್ಣಕಲ್ಲಿನದು, ಬೆಳೆ ಅಲ್ಪ. ಆದುದರಿಂದ ಕಡಲೇ ಹೊಲ, ದೋಣಿಯೇ ನೇಗಿಲು. ನಮ್ಮ ಹಳ್ಳಿಯವನಿಗೆ ಎತ್ತಿನ ಗಾಡಿ ಹೇಗೋ ಅವರಿಗೆ ಹಾಯಿದೋಣಿ ಹಾಗೆ. ಮೀನು ಹಿಡಿಯುವುದಕ್ಕೂ ಅದೇ, ರೋಗಿಯನ್ನು ಸಾಗಿಸುವುದಕ್ಕೂ ಅದೇ, ಮದುವೆಯ ದಿಬ್ಬಣಕ್ಕೂ ಅದೇ. ಮೀನುದೋಣಿಯ ಹೊಟ್ಟೆಯಲ್ಲಿ ಒಂದು ಕೊಟ್ಟಿಗೆಯನ್ನು ಕಟ್ಟಿ, ಅದರ ತಳದಲ್ಲಿ ತೂತುಗಳನ್ನು ಕೊರೆದಿರುತ್ತಿದ್ದರು. ಸಮುದ್ರದ ನೀರು ಒಳಗೂ ಹೊರಗೂ ಹರಿದಾಡಿ, ಹಿಡಿದ ಮೀನು ನಸ್ಸೌ ಪಟ್ಟಣದ ಪೇಟೆಗೆ ಮುಟ್ಟುವವರೆಗೂ ಜೀವದಿಂದಿರುತ್ತಿತ್ತು. ಮಂಜುಗಡ್ಡೆಯಿಲ್ಲದ ಕಾಲದ ಜಾಣತನವಿದು.

ಇವರಿಗೆ ಎರಡು ಪೆಟ್ಟುಗಳು ಬಿದ್ದವು. ೧೯೩೮ರಿಂದ ಮುಂದಿನ ವರ್ಷಕ್ಕೆ ಕಡಲಿನ ತಳದಲ್ಲಿ ಬೆಳೆಯುವ ಸ್ಪಂಜಿಗೆ ರೋಗ ತಗುಲಿ, ಸಾವಿರಾರು ಸಂಸಾರಗಳ ಆದಾಯವು ಏಕಾಏಕಿ ನಿಂತಿತು. ಯುದ್ಧವು ಮುಗಿದ ಬಳಿಕ ಎಣ್ಣೆಯ ಯಂತ್ರಗಳು ದೋಣಿಗಳಿಗೆ ಹತ್ತಿದುವು. ಯಂತ್ರವನ್ನು ನಾವು ದೂಷಿಸುವವರಲ್ಲ. ಗಾಳಿಯಿಲ್ಲದ ದಿನ ಹಸಿದ ಮಕ್ಕಳನ್ನು ಮನೆಯಲ್ಲಿ ಬಿಟ್ಟು ಕಡಲ ನಡುವೆ ಕುಳಿತವನಿಗೆ ಯಂತ್ರವು ವರವೇ ಸರಿ. ಆದರೆ ಅದನ್ನು ಕೊಳ್ಳಲಾರದವನು ಹಿಂದೆ ಬಿದ್ದನು. ಹಾಯಿದೋಣಿ ಕಟ್ಟುವ ಬಡಗಿಗೆ ಕೆಲಸ ತಗ್ಗಿತು. ತಂದೆಯು ಮಗನಿಗೆ ಕಲಿಸುತ್ತಿದ್ದ ವಿದ್ಯೆಯು ಕಲಿಯುವವರಿಲ್ಲದೆ ನಿಲ್ಲುವಂತಾಯಿತು.

ಈ ಸಂದರ್ಭದಲ್ಲಿ ಬಹಾಮಾದ ಕೆಲವರು ನೌಕಾವಿಹಾರಿಗಳೂ ಅಮೆರಿಕದಿಂದ ಬಂದು ಹೋಗುತ್ತಿದ್ದ ಕೆಲವರೂ ಸೇರಿ, ೧೯೫೪ನೆಯ ಏಪ್ರಿಲ್ ತಿಂಗಳಿನಲ್ಲಿ ಎಕ್ಸೂಮಾ ದ್ವೀಪದ ಜಾರ್ಜ್‌ಟೌನಿನ ಎಲಿಜಬೆತ್ ಬಂದರದಲ್ಲಿ ದುಡಿಯುವ ದೋಣಿಗಳಿಗೆಂದೇ ಮೂರು ದಿನಗಳ ಪಂದ್ಯವನ್ನು ಏರ್ಪಡಿಸಿದರು. ದ್ವೀಪದ್ವೀಪಗಳಿಂದ ೭೦ರ ಸಮೀಪ ದೋಣಿಗಳು ಬಂದು ನೆರೆದವು. ನಸ್ಸೌ ಪಟ್ಟಣದವರು ಉಳಿದ ದ್ವೀಪಗಳನ್ನೆಲ್ಲ ಆಗ ‘ಹೊರದ್ವೀಪಗಳು’ ಎನ್ನುತ್ತಿದ್ದುದರಿಂದ ಪಂದ್ಯಕ್ಕೂ ಅದೇ ಹೆಸರಾಯಿತು. ಮುಂದೆ ಆ ದ್ವೀಪಗಳ ಹೆಸರನ್ನು ಬದಲಿಸಿ ‘ಕುಟುಂಬದ್ವೀಪಗಳು’ ಎಂದರು; ಪಂದ್ಯವೂ ರಾಷ್ಟ್ರೀಯ ಕುಟುಂಬದ್ವೀಪ ರೆಗಾಟವಾಯಿತು. ಹೊರಗಿನವರೆಂದು ಕರೆಸಿಕೊಂಡವರು ಮನೆಯವರಾದರು.

ಪಂದ್ಯವು ಪ್ರಾರಂಭವಾಗುವ ರೀತಿಯು ವಿಚಿತ್ರವಾದುದು. ವಿಹಾರನೌಕೆಗಳು ಹಾಯಿ ಬಿಚ್ಚಿ ಓಡಾಡುತ್ತಿದ್ದು ಗೆರೆಯನ್ನು ದಾಟಿ ಹೊರಡುವುದು ವಾಡಿಕೆ. ಇಲ್ಲಿಯಾದರೋ ದೋಣಿಗಳೆಲ್ಲ ಲಂಗರು ಬಿಟ್ಟು, ಹಾಯಿಗಳನ್ನು ಇಳಿಸಿಕೊಂಡು, ಸಾಲಾಗಿ ನಿಂತಿರತಕ್ಕದ್ದು. ಗುಂಡಿನ ಶಬ್ದವಾಗುತ್ತಲೇ ಕೆಲವರು ಲಂಗರಿನ ಹಗ್ಗವನ್ನು ಸರಸರನೆ ಎಳೆಯುವರು, ಕೆಲವರು ಹಾಯಿಯನ್ನು ಏರಿಸುವರು. ಬೆಳಗಿನ ಜಾವ ಮೀನಿಗೆ ಹೊರಡುವವನು ಮಾಡುವ ಕೆಲಸವೇ ಇದು. ಒಂದು ಕ್ಷಣ ಬರಿಯ ಕೂವೆಮರಗಳ ತೋಪಾಗಿದ್ದ ಬಂದರವು ಮರುಕ್ಷಣ ಬಿಳಿಯ ರೆಕ್ಕೆಗಳಿಂದ ತುಂಬಿಹೋಗುವುದು. ದೊಡ್ಡ ವರ್ಗದ ದೋಣಿಯ ಉದ್ದ ೨೮ ಅಡಿ. ಅದರ ಮೇಲಿನ ಕೂವೆಮರವು ೬೦ ಅಡಿಯವರೆಗೂ ಎತ್ತರವಾಗಿರುವುದುಂಟು. ಇಷ್ಟು ಹಾಯಿಯು ಗಾಳಿ ತುಂಬಿಕೊಂಡರೆ ದೋಣಿಯು ಮಗುಚದೆ ಇರುವುದು ಹೇಗೆ? ಗಾಳಿ ಬೀಸುವ ಪಕ್ಕಕ್ಕೆ ಉದ್ದನೆಯ ಹಲಗೆಯನ್ನು ಹೊರಚಾಚಿ, ನಾವಿಕರು ಅದರ ಮೇಲೆ ಸಾಲಾಗಿ ಕುಳಿತುಬಿಡುವರು. ಕಾಲಿನ ಕೆಳಗೆ ನೀರು, ಹಿಡಿಯಲು ಪಕ್ಕದವನ ಭುಜ! ತೂಕದ ತಕ್ಕಡಿಯಂತೆ ಅವರು ಸರಿದಾಡುತ್ತ ದೋಣಿಯನ್ನು ನೆಟ್ಟಗಿಡುವರು. ದೋಣಿ ತಿರುಗಿದಾಗ ಹಲಗೆಯನ್ನು ಒಳಕ್ಕೆಳೆದು ಆಚೆ ಪಕ್ಕಕ್ಕೆ ನೂಕಿ ಮತ್ತೆ ಏರಬೇಕು. ತಡವಾದರೆ ಎಲ್ಲರಿಗೂ ಸ್ನಾನ.

ಈ ಪಂದ್ಯದ ಮುಖ್ಯ ನಿಯಮವನ್ನು ನಾವು ಬಹಳ ಮೆಚ್ಚಿಕೊಂಡಿದ್ದೇವೆ. ದೋಣಿಯನ್ನು ಬಹಾಮಾದವರೇ ರಚಿಸಿ, ಬಹಾಮಾದವರೇ ಕಟ್ಟಿ, ಅವರದೇ ಒಡೆತನದಲ್ಲಿದ್ದು, ಅವರೇ ನಡೆಸಬೇಕು. ಒಡಲು ಮರದ್ದು, ಕೂವೆಯೂ ಮರದ್ದು, ಹಾಯಿಯು ಹತ್ತಿಯ ಬಟ್ಟೆಯದು. ಹೊರಗಿನ ಧನಿಕನು ಬಂದು ಹೊಸ ಸಾಮಗ್ರಿಯ ದೋಣಿಯಿಂದ ಗೆದ್ದುಕೊಂಡು ಹೋಗುವಂತಿಲ್ಲ. ಉಪಕಾರಮಾಡಲು ಬಂದವನು ದಡದ ಮೇಲೆ ನಿಲ್ಲಬೇಕು, ಅಂಗಳವು ಅಲ್ಲಿಯವರದು.

ದಡದ ಮೇಲೆ ನಿಂತವರಿಗೆ ಕೆಲಸವು ಕಡಮೆಯಿಲ್ಲ. ಇಂಥ ಪಂದ್ಯಗಳು ಎಲ್ಲಿಯೇ ಆಗಲಿ ಸ್ವಯಂಸೇವಕರ ಬೆನ್ನಮೇಲೆಯೇ ನಡೆಯುವುವು. ಅಂಗಡಿಯವರನ್ನೂ ಪ್ರಯಾಣಿಕರನ್ನೂ ಕಂಡು ಬಹುಮಾನಕ್ಕೆ ಹಣ ಕೂಡಿಸುವವರು, ತಿರುವಿನ ಗುರುತಿಗೆ ತೇಲುಗುಂಡುಗಳನ್ನು ನೆಡುವವರು, ಹೊತ್ತನ್ನು ಗುರುತಿಸುವವರು, ಮಗುಚಿದ ದೋಣಿಯ ಜನರನ್ನು ಎತ್ತಲು ಬೇರೆ ದೋಣಿಯಲ್ಲಿ ಕಾದಿರುವವರು, ದೂರದಿಂದ ಬಂದ ನಾವಿಕರಿಗೆ ಅನ್ನ ಮಲಗುವ ಜಾಗ ನೋಡುವವರು, ತಕರಾರು ಬಂದಾಗ ಇಬ್ಬರಿಂದಲೂ ಬೈಸಿಕೊಳ್ಳುವವರು, ಇವರಿಗೆಲ್ಲ ಸಂಬಳವಿಲ್ಲ. ಚಳಿಗಾಲದಲ್ಲಿ ಜಾರ್ಜ್‌ಟೌನಿಗೆ ನೂರಾರು ವಿಹಾರನೌಕೆಗಳು ಬಂದು ತಂಗುವುವು. ಅವುಗಳ ಯಜಮಾನರೂ ತಮ್ಮದೇ ಒಂದು ಕ್ರೀಡಾಸಪ್ತಾಹವನ್ನು ನಡೆಸಿ ಊರಿನ ಹಿತಕಾರ್ಯಗಳಿಗೆ ಹಣ ಕೂಡಿಸಿಕೊಡುವ ಪದ್ಧತಿಯು ಬೆಳೆದುಬಂದಿದೆ. ದ್ವೀಪದ ಹೆಂಗಸರು ದಡದಲ್ಲಿ ಹಲಗೆಯ ಅಂಗಡಿ ಹೂಡಿ, ಕರಿದ ಮೀನನ್ನೂ ಶಂಖದ ತಿನಿಸುಗಳನ್ನೂ ಮಾರುವರು. ಶಂಖವೆಂದರೆ ತೀರ್ಥಕ್ಕೂ ಊದುವುದಕ್ಕೂ ಎಂದು ತಿಳಿದ ನಮ್ಮ ಓದುಗರು ಇಲ್ಲಿ ಕಿವಿ ಮುಚ್ಚಿಕೊಳ್ಳಬಹುದು; ಆದರೆ ಆ ಕೆಲವೇ ದಿನಗಳ ವ್ಯಾಪಾರವು ಹಲವು ಸಂಸಾರಗಳಿಗೆ ಆಧಾರವೆಂಬುದನ್ನು ಮರೆಯಲಾಗದು.

ಇಷ್ಟು ಹೊಗಳಿದ ಮೇಲೆ ಒಂದು ಆಕ್ಷೇಪಕ್ಕೆ ಉತ್ತರ ಹೇಳದೆ ಮುಂದುವರಿಯುವುದು ನ್ಯಾಯವಲ್ಲ. ಈಗ ಅಲ್ಲಿ ಪಂದ್ಯಕ್ಕೆ ಬರುವ ದೋಣಿಗಳು ಮೀನು ಹಿಡಿಯುವುದಿಲ್ಲ. ಗೆಲ್ಲುವ ಆಸೆಯಿಂದ ಹಾಯಿಯು ವರ್ಷವರ್ಷಕ್ಕೂ ಬೆಳೆದು, ದೋಣಿಯು ಕೆಲಸಕ್ಕೆ ಬಾರದ ಓಟದ ಕುದುರೆಯಾಯಿತು. ಹಿಂದೆ ತಮ್ಮ ಹಾಯಿಯಿಂದಲೇ ಕಡಲು ದಾಟಿ ಬರುತ್ತಿದ್ದವು, ಈಗ ಸರಕಿನ ಹಡಗುಗಳ ಮೇಲೆ ಹೊರೆಯಾಗಿ ಬಂದಿಳಿಯುವುವು. ಮೀನುಗಾರನು ಮೀನು ಹಿಡಿಯುವುದು ಯಂತ್ರದ ದೋಣಿಯಿಂದ. ಹಾಗಾದರೆ ಪಂದ್ಯವು ಉಳಿಸಿದ್ದೇನು ಎಂದು ಕೇಳಬಹುದು.

ಇದೇ ಪ್ರಶ್ನೆಯು ಉತ್ತರದ ಚಳಿಯ ಕಡಲಿನಲ್ಲಿ ಮೊದಲೇ ಎದ್ದಿತ್ತು. ೧೯೨೦ರಲ್ಲಿ ಅಮೆರಿಕದ ಪ್ರಸಿದ್ಧ ವಿಹಾರನೌಕಾಪಂದ್ಯವೊಂದನ್ನು ಗಾಳಿ ಹೆಚ್ಚಾಯಿತೆಂದು ಮುಂದೂಡಿದರಂತೆ. ಅದಕ್ಕಿಂತ ಬಲವಾದ ಗಾಳಿಯಲ್ಲಿ ದಿನವೂ ದುಡಿಯುವ ಮೀನುಗಾರರು ನಕ್ಕುಬಿಟ್ಟರು. ಅದೇ ವರ್ಷ ಕೆನಡ ದೇಶದ ಹ್ಯಾಲಿಫ್ಯಾಕ್ಸಿನ ಪತ್ರಿಕೆಯ ಒಡೆಯ ವಿಲಿಯಂ ಡೆನ್ನಿಸ್ ಎಂಬವನು ನಿಜವಾದ ಮೀನುಹಡಗುಗಳಿಗೆ ಒಂದು ಬಟ್ಟಲನ್ನು ಇಟ್ಟನು. ಪಂದ್ಯಕ್ಕೆ ಬರುವ ಹಡಗು ಮೀನಿನ ದಿಬ್ಬಗಳ ಮೇಲೆ ದುಡಿದದ್ದಾಗಿರಬೇಕೆಂಬುದು ನಿಯಮ. ೧೯೨೧ರಲ್ಲಿ ಲುನನ್‌ಬರ್ಗಿನಲ್ಲಿ ನೀರಿಗಿಳಿದ ‘ಬ್ಲೂನೋಸ್’ ಎಂಬ ಹಡಗು ಆಂಗಸ್ ವಾಲ್ಟರ್ಸನ ಕೈಯಲ್ಲಿ ಆ ಬಟ್ಟಲನ್ನು ಗೆದ್ದು ಕೊನೆಯವರೆಗೂ ಬಿಟ್ಟುಕೊಡಲಿಲ್ಲ; ೧೯೩೭ರಿಂದ ಕೆನಡದ ಹತ್ತು ಸೆಂಟಿನ ನಾಣ್ಯದ ಮೇಲೆ ಹಾಯಿಹಡಗಿನ ಚಿತ್ರವಿದೆ. ಆ ಪಂದ್ಯದ ಹಡಗುಗಳಿಗೆ ಕಡಲು ವಿನಾಯಿತಿ ತೋರಿಸಲಿಲ್ಲ. ೧೯೨೩ರಲ್ಲಿ ಬ್ಲೂನೋಸಿಗೆ ಎದುರಾಗಿ ಓಡಿದ ‘ಕೊಲಂಬಿಯಾ’ ೧೯೨೭ರ ಆಗಸ್ಟಿನ ಬಿರುಗಾಳಿಯಲ್ಲಿ ಎಲ್ಲ ಜನರೊಡನೆ ಮುಳುಗಿತು. ಗೆಲ್ಲುವ ಹಡಗೂ ಮೀನಿಗೆ ಹೋಗಲೇಬೇಕೆಂದರೆ ಅದಕ್ಕೆ ಇದೂ ಸೇರಿದ ಬೆಲೆ.

ಇಂಗ್ಲೆಂಡಿನ ಕಾರ್ನ್‌ವಾಲ್ ಸೀಮೆಯ ಫಾಲ್ ನದಿಯ ಮುಖದಲ್ಲಿ ಬೇರೊಂದು ಬಗೆ. ಅಲ್ಲಿ ಸಿಂಪಿಯನ್ನು ಯಂತ್ರದ ದೋಣಿಯಿಂದ ತೆಗೆಯಕೂಡದು, ಹಾಯಿ ಅಥವಾ ಹುಟ್ಟಿನಿಂದಲೇ ತೆಗೆಯಬೇಕೆಂದು ಕಟ್ಟಳೆಯಿದೆ. ಸಿಂಪಿಯ ಬಿತ್ತನೆ ಬರಿದಾಗದಿರಲೆಂದು ಮಾಡಿದ ಈ ಕಟ್ಟಳೆಯ ಫಲವಾಗಿ ಹಾಯಿಯೂ ಉಳಿಯಿತು. ಚಳಿಗಾಲದಲ್ಲಿ ದುಡಿದ ದೋಣಿಗಳೇ ಬೇಸಗೆಯಲ್ಲಿ ಪಂದ್ಯಕ್ಕೆ ಬಣ್ಣ ಬಳಿದುಕೊಂಡು ಬರುವುವು. ಅವುಗಳಲ್ಲಿ ನೂರು ವರ್ಷ ಮೀರಿದವೂ ಉಂಟು.

ಬಹಾಮಾದಲ್ಲಿ ಇಂಥ ಕಟ್ಟಳೆಯಿಲ್ಲ. ಇರಬೇಕೆಂದು ದೂರದಲ್ಲಿ ಕುಳಿತ ನಾವು ಹೇಳುವುದೂ ಸಲ್ಲದು. ನಮ್ಮ ಅಭಿಪ್ರಾಯವನ್ನು ಕೇಳಿದರೆ, ಅಲ್ಲಿ ಪಂದ್ಯವು ಹಾಯಿಯ ಮೀನುಗಾರಿಕೆಯನ್ನು ಉಳಿಸಲಿಲ್ಲ, ದೋಣಿ ಕಟ್ಟುವ ಕೈಯನ್ನು ಉಳಿಸಿತು. ಪ್ರತಿ ದ್ವೀಪಕ್ಕೂ ತನ್ನ ದೋಣಿಯೆಂಬ ಅಭಿಮಾನವನ್ನು ಉಳಿಸಿತು. ಅರ್ಧ ಲಾಭವೆಂದರೆ ಅರ್ಧವೇ ಸರಿ, ಆದರೆ ಅದು ಶೂನ್ಯವಲ್ಲ. ಮಕ್ಕಳಿಗೂ ಪುಟ್ಟ ದೋಣಿಗಳ ಪಂದ್ಯವುಂಟೆಂಬುದನ್ನು ನೋಡಿದರೆ ಲೆಕ್ಕವು ಇನ್ನೂ ಮುಗಿದಿಲ್ಲ.

ಬಹಾಮಾದ ಪಂದ್ಯವನ್ನು ಹುಟ್ಟುಹಾಕಿದವರಲ್ಲಿ ಜೆ. ಲಿಂಟನ್ ರಿಗ್ ಎಂಬ ವೃದ್ಧ ನೌಕಾವಿಹಾರಿಯೊಬ್ಬನಿದ್ದನು. ಅವನು ಮುಂದೆ ದಕ್ಷಿಣಕ್ಕೆ ಬಹುದೂರ ಸಾಗಿ, ಗ್ರೆನಡಾ ದೇಶಕ್ಕೆ ಸೇರಿದ ಕಾರಿಯಾಕೂ ಎಂಬ ದ್ವೀಪದಲ್ಲಿ ನೆಲೆಸಿದನು. ದ್ವೀಪದ ವಿಸ್ತಾರ ೧೩ ಚದರ ಮೈಲು ಮಾತ್ರ. ಅದರ ಗಾಳಿಯ ಕಡೆಯ ದಡದಲ್ಲಿ ವಿಂಡ್‌ವರ್ಡ್ ಎಂಬ ಹಳ್ಳಿಯಿದೆ. ಸ್ಕಾಟ್ಲೆಂಡಿನಿಂದ ಹಿಂದೆ ಬಂದ ಹಡಗಿನ ಬಡಗಿಗಳ ವಂಶದವರು ಅಲ್ಲಿ ಬೇರೂರಿ, ಮ್ಯಾಕ್‌ಲಾರೆನ್, ಈನೋ ಮೊದಲಾದ ಮನೆತನಗಳಲ್ಲಿ ದೋಣಿಯ ವಿದ್ಯೆಯನ್ನು ನಡೆಸಿಕೊಂಡು ಬಂದರು. ಅವರಿಗೆ ನಕ್ಷೆಯೆಂಬುದಿಲ್ಲ, ಕಣ್ಣೇ ಅಳತೆ. ಬೆಟ್ಟದಲ್ಲಿ ಗಾಳಿಗೆ ಬಾಗಿ ಬೆಳೆದ ಬಿಳಿಯ ದೇವದಾರುವಿನ ಮರಗಳ ನಡುವೆ ತಿರುಗಾಡಿ, ಈ ಡೊಂಕು ಕೊಂಬೆಯು ದೋಣಿಯ ಪಕ್ಕೆಲುಬಿಗೆ ಸರಿಯೆಂದು ಆರಿಸಿ ಕಡಿದು ತರುವರು. ನಮ್ಮ ದೇವದಾರುವಿಗೂ ಇದಕ್ಕೂ ಹೆಸರಿನ ನಂಟೇ ಹೊರತು ಜಾತಿಯ ನಂಟಿಲ್ಲ.

ದೋಣಿಯು ಸಿದ್ಧವಾದ ದಿನ ಊರಿಗೆಲ್ಲ ಹಬ್ಬ. ಆಡು ಕುರಿ ಕೋಳಿಗಳನ್ನು ಬಲಿಕೊಟ್ಟು ರಕ್ತವನ್ನು ದೋಣಿಗೆ ಚಿಮುಕಿಸುವ ಆಚಾರವು ಅಲ್ಲುಂಟು. ನಮಗೆ ರುಚಿಸದಿದ್ದರೂ, ಹೊಸ ಗಾಡಿಗೆ ಕುಂಬಳಕಾಯಿ ಒಡೆಯುವ ನಾವು ಅದರ ಭಾವವನ್ನು ತಿಳಿಯದವರಲ್ಲ. ಆಮೇಲೆ ದೋಣಿಗೆ ಊರೆಯಾಗಿ ನಿಲ್ಲಿಸಿದ ಕಂಬಗಳನ್ನು ಕೊಡಲಿಯಿಂದ ಒಂದೊಂದಾಗಿ ಕಡಿಯುತ್ತ ಬಂದು, ಒಡಲನ್ನು ಮೆಲ್ಲನೆ ಪಕ್ಕಕ್ಕೆ ಒರಗಿಸಿ, ಉರುಳೆಗಳ ಮೇಲೆ ಊರಿನವರೆಲ್ಲ ಹಗ್ಗ ಹಿಡಿದು ಸಮುದ್ರಕ್ಕೆ ಎಳೆಯುವರು. ಅಲ್ಲಿ ಕೂಲಿಯವರಿಲ್ಲ.

ರಿಗ್ ಬಂದ ಕಾಲಕ್ಕೆ ಈ ವಿದ್ಯೆಯು ಇಳಿಮುಖವಾಗಿತ್ತು. ೧೯೫೫ರ ಸೆಪ್ಟೆಂಬರ್ ೨೨ರಂದು ಜಾನೆಟ್ ಎಂಬ ಚಂಡಮಾರುತವು ದ್ವೀಪವನ್ನು ಹಾಳುಗೆಡವಿತ್ತು. ದೋಣಿಗಳ ಗುಣ ತಗ್ಗುತ್ತಿರುವುದನ್ನು ಕಂಡ ರಿಗ್ ಕಟ್ಟುವವರಿಗೆ ಉಪದೇಶ ಮಾಡಲಿಲ್ಲ. ೧೯೬೫ರಲ್ಲಿ ಪಂದ್ಯವನ್ನು ಹೂಡಿ, ಒಳ್ಳೆಯ ದೋಣಿಗೆ ಬಹುಮಾನವೆಂದು ಸಾರಿದನು. ತಾನೂ ವಿಂಡ್‌ವರ್ಡಿನ ಬಡಗಿಯಿಂದಲೇ ‘ಮರ್ಮೇಡ್’ ಎಂಬ ದೋಣಿಯನ್ನು ಕಟ್ಟಿಸಿದನು. ಅಂದಿನಿಂದ ಆಗಸ್ಟಿನ ಮೊದಲ ಸೋಮವಾರದ ಹಬ್ಬದ ಜತೆಗೆ ಪಂದ್ಯವು ಕೂಡಿಕೊಂಡಿತು. ೧೮೩೪ರ ಆಗಸ್ಟ್ ೧ರಂದು ಗುಲಾಮಗಿರಿಯನ್ನು ರದ್ದುಗೊಳಿಸಿದ ಶಾಸನವು ಜಾರಿಗೆ ಬಂದುದರ ನೆನಪಿನ ಹಬ್ಬವದು. ಕಡಲಿನಲ್ಲಿ ದೋಣಿಗಳು ಓಡುತ್ತಿದ್ದರೆ ದಡದಲ್ಲಿ ಕತ್ತೆಗಳ ಓಟ, ಜಿಡ್ಡು ಸವರಿದ ಕಂಬ ಹತ್ತುವ ಆಟ. ಆ ದೋಣಿಗಳಲ್ಲಿ ಕೆಲವು ಉಳಿದ ತಿಂಗಳುಗಳಲ್ಲಿ ಸುಂಕ ತಪ್ಪಿಸಿ ಮದ್ಯವನ್ನು ಸಾಗಿಸುತ್ತಿದ್ದವೆಂಬುದೂ ಜನಜನಿತವಾದ ಮಾತು. ವೇಗವಾದ ದೋಣಿಯಿಂದ ಯಾರ್ಯಾರಿಗೆ ಪ್ರಯೋಜನವಾಗುವುದೋ ಹೇಳಲಾಗದು.

ಆಲ್ವಿನ್ ಈನೋ ಎಂಬ ಬಡಗಿಯು ತನ್ನ ಮಕ್ಕಳೊಡನೆ ದೋಣಿ ಕಟ್ಟುವುದನ್ನು ತೋರಿಸುವ ‘ವ್ಯಾನಿಷಿಂಗ್ ಸೇಲ್’ ಎಂಬ ಚಲನಚಿತ್ರವು ೨೦೧೫ರಲ್ಲಿ ಹೊರಬಂದಿತು. ೨೦೨೩ರಲ್ಲಿ ಯುನೆಸ್ಕೋ ಸಂಸ್ಥೆಯು ಕಾರಿಯಾಕೂ ಮತ್ತು ನೆರೆಯ ಪುಟ್ಟ ಮಾರ್ಟಿನಿಕ್ ದ್ವೀಪಗಳ ಮರದ ದೋಣಿಯ ವಿದ್ಯೆಯನ್ನು ಮಾನವಕುಲದ ಪರಂಪರೆಗಳ ಪಟ್ಟಿಗೆ ಸೇರಿಸಿತು. ಇನ್ನೂ ಏಳು ತಿಂಗಳು ಕಳೆದಿರಲಿಲ್ಲ. ೨೦೨೪ರ ಜುಲೈ ೧ರಂದು ಬೆರಿಲ್ ಎಂಬ ಚಂಡಮಾರುತದ ಕಣ್ಣು ನೇರವಾಗಿ ಕಾರಿಯಾಕೂವಿನ ಮೇಲೆ ಹಾದುಹೋಯಿತು. ಗಾಳಿಯ ವೇಗ ಗಂಟೆಗೆ ೧೫೦ ಮೈಲಿ. ದ್ವೀಪವು ಅರ್ಧ ಗಂಟೆಯಲ್ಲಿ ನೆಲಸಮವಾಯಿತೆಂದು ಗ್ರೆನಡಾದ ಪ್ರಧಾನಮಂತ್ರಿ ಡಿಕಾನ್ ಮಿಚೆಲ್ ತಿಳಿಸಿದರು. ಮನೆಗಳಲ್ಲಿ ಮಾಡು ಉಳಿದದ್ದು ಅಪರೂಪ. ಟಿರೆಲ್ ಕೊಲ್ಲಿಯ ಕಾಂಡ್ಲಾ ಗಿಡಗಳ ಮರೆಯು ದೋಣಿಗಳಿಗೆ ವಜ್ರಪಂಜರವೆಂದು ತಲೆತಲಾಂತರದಿಂದ ನಂಬಿದ್ದರು; ಅಲ್ಲಿ ಕಟ್ಟಿದ ನೌಕೆಗಳೂ ಒಂದರ ಮೇಲೊಂದು ಬಿದ್ದು ಒಡೆದವು, ಗಿಡಗಳ ಎಲೆಯೂ ಉಳಿಯಲಿಲ್ಲ.

ಆಗ ಪಂದ್ಯದ ಮಾತಿಲ್ಲ, ಬಹುಮಾನದ ಮಾತಿಲ್ಲ. ಗ್ರೆನಡಾದಿಂದಲೂ ಸುತ್ತಲಿನ ದ್ವೀಪಗಳಿಂದಲೂ ನೌಕಾವಿಹಾರಿಗಳು ತಮ್ಮ ತಮ್ಮ ನೌಕೆಗಳಲ್ಲಿ ಕುಡಿಯುವ ನೀರು, ಆಹಾರ, ಮಾಡಿಗೆ ಹೊದಿಸುವ ಬಟ್ಟೆಗಳನ್ನು ತುಂಬಿಕೊಂಡು ಹೋದರು. ಅಂಥ ದಿನ ಕೈ ಮೇಲೋ ಕೆಳಗೋ ಎಂದು ವಿಚಾರಿಸುತ್ತ ಕೂಡುವವನು ಮೂರ್ಖನು; ಹಸಿದವನಿಗೆ ಅನ್ನವನ್ನು ಕೊಟ್ಟುಬಿಡಬೇಕು. ಆದರೆ ಹೀಗೆ ಬಂದವರಿಗೆ ಯಾವ ದಡದಲ್ಲಿ ನೌಕೆಯನ್ನು ನಿಲ್ಲಿಸಬಹುದು, ದ್ವೀಪಗಳ ನಡುವಣ ಸೆಳವು ಎತ್ತ ಹರಿಯುವುದು ಎಂಬುದು ಹೊಸದಾಗಿರಲಿಲ್ಲ. ವರ್ಷಂಪ್ರತಿ ಆಗಸ್ಟಿನಲ್ಲಿ ಪಂದ್ಯಕ್ಕೆ ಬರುವವರಿಗೆ ಅದೇ ದಾರಿ, ಅದೇ ಲಂಗರಿನ ಸ್ಥಳಗಳು.

ಅನ್ನ ನೀರುಗಳ ಬಳಿಕ ಮನೆಯ ಮಾಡು, ಮಾಡಿನ ಬಳಿಕ ದೋಣಿ; ಬಡಗಿಯ ಕೆಲಸದ ಕ್ರಮವು ಅದು. ಪಕ್ಕೆಲುಬಿನ ಮರವನ್ನು ಅವರು ತಮ್ಮ ಬೆಟ್ಟದಲ್ಲಿಯೇ ಹುಡುಕಿಕೊಳ್ಳುವರು. ಹೊರಮೈಯ ಹಲಗೆಯು ಮಾತ್ರ ಗಯಾನಾ ಮುಂತಾದ ದೇಶಗಳ ಕಾಡಿನಿಂದ ಕಡಲು ದಾಟಿ ಬರಬೇಕು. ಮೊಳೆ, ಸಂದಿಗೆ ತುರುಕುವ ಹತ್ತಿ, ಬಣ್ಣ, ಹಾಯಿಯ ಬಟ್ಟೆ ಇವೆಲ್ಲ ಅಂಗಡಿಯಿಂದ ಬರಬೇಕು. ಸ್ವಯಂಸೇವಕರು ಕೂಡಿಸಿದ ಹಣಕ್ಕೆ ಅಲ್ಲಿ ಕೆಲಸವುಂಟು.